ಅಚ್ಚೆಗಿಡ, ಬೊಂತೆಗಳ್ಳಿ: ಡಿಎನ್‌ಎ ಪರೀಕ್ಷೆಗೆ ಮಾದರಿ ತರುವುದು ಹೇಗೆ?

ಮುರಿದರೆ ಹಾಲು ಸುರಿಸುವ ಯೂಫೋರ್ಬಿಯಾ ಕುಲದಲ್ಲಿ ಸುಮಾರು 2000 ಪ್ರಭೇದಗಳಿವೆ. ಅಂಗಳದ ಕಳೆಯಾದ ಅಚ್ಚೆಗಿಡ, ಹೊಲದ ಬೇಲಿಯ ಬೊಂತೆಗಳ್ಳಿ, ಎಲೆಗಳ್ಳಿ, ಜಡೆಗಳ್ಳಿ ಎಲ್ಲವೂ ಅದೇ ಬಳಗ. ಭೇದಿ, ಆಮಶಂಕೆಗೆ ಅಚ್ಚೆಗಿಡ ಬಳಸುವ ರೂಢಿ ಹಳೆಯದು. ಅದರ ಸಾರ ಆಮಶಂಕೆಯ ಅಮೀಬಾವನ್ನೂ ಮಲೇರಿಯಾದ ಪರಾವಲಂಬಿಯನ್ನೂ ತಡೆಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಹಾಗಾಗಿಯೇ ಡಿಎನ್‌ಎ ವೈವಿಧ್ಯವನ್ನೂ ಔಷಧ ಗುಣವನ್ನೂ ಒಟ್ಟಿಗೆ ಪರೀಕ್ಷಿಸುವ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಈ ಗಿಡಗಳನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಬಹಳ. ಅವರಲ್ಲಿ ಹೆಚ್ಚಿನವರ ಕೆಲಸ ಲ್ಯಾಬ್ ತಲುಪುವ ಮೊದಲೇ ಕೆಟ್ಟಿರುತ್ತದೆ.

ಮೊದಲು ಗಿಡದ ಗುರುತು. ಪಾಪಸ್‌ಕಳ್ಳಿ ಈ ಬಳಗದ್ದಲ್ಲ, ಅದರಲ್ಲಿ ಹಾಲಿಲ್ಲ. ಎಕ್ಕದಲ್ಲಿ ಹಾಲಿದ್ದರೂ ಕುಟುಂಬ ಬೇರೆ. ಅಚ್ಚೆಗಿಡದ ಕಾಂಡದ ಮೇಲೆ ಹಳದಿ ಛಾಯೆಯ ರೋಮ, ಎದುರುಬದುರು ಎಲೆ, ಓರೆಯಾದ ಎಲೆಬುಡ, ಎಲೆಯ ಕಂಕುಳಲ್ಲಿ ಒತ್ತಾದ ಹೂಗೊಂಚಲು ಇರುತ್ತವೆ. ನೆಲಕ್ಕಂಟಿ ಹರಡುವ ಪುಟ್ಟ ಎಲೆಯ ಗಿಡವನ್ನು ಇದರ ಜೊತೆ ಸೇರಿಸಬೇಡಿ. ಲೆನ್ಸ್ ಹಿಡಿದು ಕಾಯಿ ನೋಡಿ. ರೋಮ ಏಣುಗಳ ಮೇಲಷ್ಟೇ ಇದ್ದರೆ ಅದು ಯೂಫೋರ್ಬಿಯಾ ಪ್ರಾಸ್ಟ್ರಾಟಾ. ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ಪ್ರಬಂಧಕ್ಕೆ ಹಾಕಲೇಬೇಡಿ. ಹೂ, ಕಾಯಿ ಎರಡೂ ಇರುವ ರೆಂಬೆಯೊಂದನ್ನು ಪತ್ರಿಕೆಯ ಮಧ್ಯೆ ಒತ್ತಿಟ್ಟು, ಸಂಖ್ಯೆ ಕೊಟ್ಟು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆಸಿಬಿ ಹರ್ಬೇರಿಯಂನಂಥ (ಒಣಸಸ್ಯ ಸಂಗ್ರಹಾಲಯದಂಥ) ಕಡೆ ಇರುವ ಮಾದರಿಗಳೊಡನೆ ಹೋಲಿಸಿ.

ಮುಂದಿನದು ಎಲ್ಲಿಂದ, ಎಷ್ಟು ಎನ್ನುವ ಪ್ರಶ್ನೆ. ಬೊಂತೆಗಳ್ಳಿಯ ಬೇಲಿ ಬೆಳೆಯುವುದು ಕಡ್ಡಿ ನೆಟ್ಟು. ಒಂದೇ ಬೇಲಿಯ ಉದ್ದಕ್ಕೂ ಇಪ್ಪತ್ತು ತುಂಡು ಕೊಯ್ದು ತಂದರೆ ಇಪ್ಪತ್ತೂ ಒಂದೇ ತಾಯಿಗಿಡದ್ದಾಗಿರಬಹುದು. ಆಮೇಲೆ ‘ವೈವಿಧ್ಯ ಕಡಿಮೆ’ ಎಂದು ಬರೆದರೆ ಅದು ಗಿಡದ ಗುಣವಲ್ಲ, ಆರಿಸಿದ ರೀತಿಯ ಫಲ. ಒಂದು ಬೇಲಿಗೆ ಒಂದೇ ಮಾದರಿ ಸಾಕು. ಕಡ್ಡಿ ಯಾವ ಊರಿನಿಂದ ತಂದದ್ದೆಂದು ಹೊಲದವರನ್ನು ಕೇಳಿ ಬರೆದುಕೊಳ್ಳಿ. ಹಿರಿಯರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಅಚ್ಚೆಗಿಡ ಬೀಜದಿಂದ ಹುಟ್ಟುವಂಥದ್ದು. ಅದನ್ನು ದೂರ ದೂರದ ತಾಣಗಳಿಂದ ಆರಿಸಿ.

ಇನ್ನು ಒಣಗಿಸುವುದು. ಅತಿ ಹೆಚ್ಚು ಎಡವುವುದು ಇಲ್ಲಿಯೇ. ಕನ್ನಡಕ, ಕೈಗವಸು ಇಲ್ಲದೆ ಕತ್ತರಿ ಹಿಡಿಯಬೇಡಿ. ಬೊಂತೆಗಳ್ಳಿಯ ಹಾಲು ಕಣ್ಣಿಗೆ ತಾಗಿದರೆ ಕಾಲು ಗಂಟೆಯಾದರೂ ನೀರಿನಲ್ಲಿ ತೊಳೆದು, ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಅದರ ಎಲೆಗಳು ತೀರಾ ಚಿಕ್ಕವು, ಬೇಗ ಉದುರುತ್ತವೆ. ಎಳೆಯ ಹಸಿರು ತುದಿಗಳನ್ನೇ ತೆಗೆದುಕೊಳ್ಳಿ. ಕೊಯ್ದ ಬಾಯಿಂದ ಹಾಲು ತೊಟ್ಟಿಕ್ಕುತ್ತದೆ. ನೀರಿನಲ್ಲಿ ಅದ್ದಿ, ಟಿಶ್ಯೂ ಒತ್ತಿ, ಬಿಳಿ ಹನಿ ನಿಂತ ಮೇಲೆಯೇ ಮುಂದಿನ ಕೆಲಸ. ಉಳಿದ ಹಾಲು ಅಂಟಾಗಿ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಅಡ್ಡ ಬರುತ್ತದೆ. ಅದರಲ್ಲಿ ಬೇರೆ ಜೀವಿಯೂ ಇರಬಹುದು: 1909ರಲ್ಲಿ ಮಾರಿಷಸ್‌ನಲ್ಲಿ ಲಾಫಾಂ ಎಂಬ ವಿಜ್ಞಾನಿ ಇದೇ ಬಳಗದ ಗಿಡದ ಹಾಲಿನಲ್ಲಿ ಕಶಾಂಗವಿರುವ ಏಕಕೋಶ ಪರಾವಲಂಬಿಯೊಂದನ್ನು ಕಂಡರು. ಡಿಎನ್‌ಎ ತುಣುಕುಗಳನ್ನು ಪಟ್ಟಿಗಳಾಗಿ ಮೂಡಿಸಿ ಗಿಡಗಳ ವೈವಿಧ್ಯ ಅಳೆಯುವ ಆರ್‌ಎಪಿಡಿ, ಐಎಸ್‌ಎಸ್‌ಆರ್ ವಿಧಾನಗಳಲ್ಲಿ ಅಂಥ ಜೀವಿಯ ಡಿಎನ್‌ಎಯೂ ಪಟ್ಟಿಯಾಗಿ ಮೂಡಿ ಲೆಕ್ಕ ಕೆಡಿಸುತ್ತದೆ.

ಒರೆಸಿದ ತುದಿಯನ್ನು ಉದ್ದಕ್ಕೆ ಸೀಳಿ. ಸೀಳದಿದ್ದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೊಳೆಯುತ್ತದೆ. ಖಾಲಿ ಟೀ ಬ್ಯಾಗ್‌ಗೆ ಹಾಕಿ, ಸಂಖ್ಯೆಯನ್ನು ಪೆನ್ಸಿಲ್‌ನಲ್ಲೇ ಬರೆದು, ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಹೂತಿಡಿ. ಮಾದರಿಯ ತೂಕದ ಹತ್ತು ಪಟ್ಟಾದರೂ ಜೆಲ್ ಬೇಕು. ಕಳ್ಳಿಗೆ ಇನ್ನೂ ಹೆಚ್ಚು. ಶೂ ಡಬ್ಬಿಯಲ್ಲಿ ಸಿಗುವ ಪುಟ್ಟ ಪೊಟ್ಟಣಗಳಿಂದ ಏನೂ ಆಗದು, ಅವು ಆಗಲೇ ತೇವ ಕುಡಿದಿರುತ್ತವೆ. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆಯದನ್ನೇ ಕೊಳ್ಳಿ. ಮರುದಿನ ತೆರೆದು ನೋಡಿ. ಜೆಲ್‌ನ ಬಣ್ಣ ಬದಲಾಗಿದ್ದರೆ ಹೊಸದನ್ನು ಹಾಕಿ. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ಒಣಗಿಲ್ಲ. ಬಿಸಿಲಿನಲ್ಲಿ ಒಣಗಿಸುವ ಅಡ್ಡದಾರಿ ಬೇಡ, ಡಿಎನ್‌ಎ ತುಂಡಾಗುತ್ತದೆ.

ಡಿಎನ್‌ಎ ತೆಗೆಯಲು ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನ ಸಾಕು, ಗಿಡದ ಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿ ಬೆರೆಸಲು ಮರೆಯಬೇಡಿ.

ಔಷಧ ಗುಣದ ಪರೀಕ್ಷೆಗೂ ಡಿಎನ್‌ಎ ತೆಗೆದ ಗಿಡದ್ದೇ ಎಲೆ, ಅದೇ ಸಂಖ್ಯೆಯಡಿ ಇರಬೇಕು. ಗ್ರಂಥಿಗೆ ಅಂಗಡಿಯ ಪುಡಿ ತಂದು ಸಾರ ತೆಗೆದರೆ ಯಾವ ವಂಶವಾಹಿಗೆ ಯಾವ ಗುಣ ಎಂಬ ಪ್ರಶ್ನೆಯೇ ಉಳಿಯದು. ಕುರಿಯ ಜಂತುಹುಳುವಿನ ಮೊಟ್ಟೆಯಿಂದ ಮರಿ ಹೊರಬರುವುದನ್ನು ಸಾರ ತಡೆಯುತ್ತದೆಯೇ ಎಂಬ ಪರೀಕ್ಷೆ ಮಾಡುವುದಾದರೆ ತಾಜಾ ಹಿಕ್ಕೆಯಿಂದ ಮೂರು ಗಂಟೆಯೊಳಗೆ ಮೊಟ್ಟೆ ಬೇರ್ಪಡಿಸಿ. ತಡವಾದರೆ ಒಳಗೆ ಮರಿ ಬೆಳೆಯತೊಡಗುತ್ತದೆ. ಪಕ್ಕದಲ್ಲಿ ದ್ರಾವಕ ಮಾತ್ರ ಹಾಕಿದ ಗುಳಿಯೊಂದು, ಜಂತುಹುಳುವಿನ ಔಷಧ ಥಯಾಬೆಂಡಜೋಲ್ ಹಾಕಿದ ಗುಳಿಯೊಂದು ಹೋಲಿಕೆಗೆ ಇರಲೇಬೇಕು. ಜೊತೆಗೆ ಅದೇ ಸಾರವನ್ನು ಸಸ್ತನಿಗಳ ಜೀವಕೋಶದ ಮೇಲೂ ಪ್ರಯೋಗಿಸಿ. ಕಳ್ಳಿಹಾಲಿನ ಡೈಟರ್ಪೀನ್‌ ಎಂಬ ರಾಸಾಯನಿಕಗಳು ಚರ್ಮವನ್ನೇ ಸುಡುವಂಥವು. ಹುಳುವಿನ ಜೊತೆ ಜೀವಕೋಶವೂ ಸತ್ತರೆ ಅದನ್ನು ಜಂತುನಾಶಕ ಎಂದು ಬರೆಯುವಂತಿಲ್ಲ.