ವಾಕಿಂಗ್ ಒಂದೇ ಸಾಲದು: ಅರವತ್ತರ ನಂತರ ತೊಡೆಗೆ ಬಲ ತುಂಬುವುದು ಹೇಗೆ?

ದಿನಾ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರೂ ನೆಲದಿಂದ ಏಳುವಾಗ ‘ಅಮ್ಮಾ’ ಎಂದು ಮಂಡಿ ಹಿಡಿದುಕೊಳ್ಳುವುದುಂಟು. ನಡಿಗೆ ಹೃದಯಕ್ಕೆ ಒಳ್ಳೆಯದು, ತೊಡೆಯ ಸ್ನಾಯುವಿಗೆ ಸಾಲದು. ಸ್ನಾಯು ಬಲಿಯಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ಬಿದ್ದರೆ ಎಪ್ಪತ್ತರಲ್ಲೂ ಬಲಿಯುತ್ತದೆ.

ಮೊದಲು ನಿಮ್ಮ ಬಲ ಅಳೆಯಿರಿ. ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ, ಮನೆಯವರು ಎಣಿಸಲಿ. 60–64 ವಯಸ್ಸಿನ ಮಹಿಳೆಗೆ 12, 65–69ಕ್ಕೆ 11, 70–79ಕ್ಕೆ 10. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು.

ಅಭ್ಯಾಸವೂ ಇದೇ, ಆದರೆ ನಿಧಾನವಾಗಿ. ಸೀಟಿನ ಅಂಚಿಗೆ ಸರಿದು ಕೂತು, ಹಿಮ್ಮಡಿಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಏಳಿ. ನಾಲ್ಕು ಎಣಿಸುತ್ತಾ ಕೂರಿ. ಹೆಚ್ಚಿನವರು ಎಡವುವುದು ಇಲ್ಲೇ: ಧೊಪ್ಪನೆ ಕೂತುಬಿಡುತ್ತಾರೆ. ಇಳಿಯುವಾಗ ದೇಹದ ಭಾರ ತಡೆಯುವುದೂ ತೊಡೆಯ ಕೆಲಸವೇ. ಅದನ್ನು ಬಿಟ್ಟರೆ ವ್ಯಾಯಾಮ ಅರ್ಧವಾಯಿತು. ಮಂಡಿಗಳು ಒಳಕ್ಕೆ ವಾಲಬಾರದು. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. ಸೀರೆಯ ನೆರಿಗೆ ಕಾಲಿಗೆ ಸಿಗದಂತೆ ಎತ್ತಿ ಸಿಕ್ಕಿಸಿ.

8–10 ಸಲಕ್ಕೆ ಒಂದು ಸುತ್ತು. ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಏಳಲಾಗದಿದ್ದರೆ ಜಮಖಾನ ಮಡಿಚಿ ಸೀಟಿನ ಮೇಲೆ ಹಾಕಿ, ಎತ್ತರ ಹೆಚ್ಚಿದಷ್ಟೂ ಸುಲಭ. 12 ಸಲ ಸಲೀಸಾದಾಗ ಒಂದು ಲೀಟರ್ ನೀರಿನ ಬಾಟಲಿಯನ್ನು ಎದೆಗವಚಿ ಏಳಿ. ಬರೀ ಸಲ ಹೆಚ್ಚಿಸುತ್ತಾ ಹೋಗುವುದಕ್ಕಿಂತ ಹೀಗೆ ಭಾರ ಕೂಡಿಸುವುದೇ ಮೇಲು.

ಅನ್ನ ಕುಕ್ಕರಿನಲ್ಲಿರುವಾಗ ಕಟ್ಟೆ ಹಿಡಿದು 10–15 ಸಲ ತುದಿಗಾಲಲ್ಲಿ ನಿಂತು ಇಳಿಯಿರಿ.

ಊಟದ ವಿಷಯ. 55 ಕೆಜಿ ತೂಕದವರಿಗೆ ದಿನಕ್ಕೆ 55–65 ಗ್ರಾಂ ಪ್ರೋಟೀನ್ ಬೇಕು. 30 ಗ್ರಾಂ ಬೇಳೆಯಲ್ಲಿ ಸಿಗುವುದು 7 ಗ್ರಾಂ, ಒಂದು ಮೊಟ್ಟೆಯಲ್ಲಿ 6. ತಿಳಿಸಾರು ಅನ್ನದಿಂದ ಇದು ತುಂಬದು. ಹುರುಳಿ, ಹೆಸರುಕಾಳು, ಮೊಸರು ಪ್ರತಿ ಹೊತ್ತಿಗೂ ಇರಲಿ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಮರುದಿನ ತೊಡೆ ಹಿಡಿದುಕೊಂಡರೆ ಹೆದರಬೇಕಿಲ್ಲ. ಮಂಡಿಯೊಳಗೆ ಚುಚ್ಚಿದರೆ ಸೀಟು ಎತ್ತರಿಸಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. 30 ಸೆಕೆಂಡಿನ ಲೆಕ್ಕವನ್ನು ತಿಂಗಳಿಗೊಮ್ಮೆ ಮತ್ತೆ ಮಾಡಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.