ಹಿರಿಯರ ಕುಡಿತದ ಚಿಕಿತ್ಸೆಗೆ ಮೆಡಿಕೇರ್: ನಾನು ಕೇಸು ನೋಡುವ ಕ್ರಮ

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿರುವ, 65 ದಾಟಿದ ಕನ್ನಡದ ಹಿರಿಯರಿಗೆ ಮೆಡಿಕೇರ್ (ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಕುಡಿತ, ನಿದ್ದೆಮಾತ್ರೆ ಅಥವಾ ನೋವಿನ ಮಾತ್ರೆಯ ಚಟದ ಕೇಸು ಬಂದಾಗ ಮನೆಯವರು ಮೊದಲು ಕೇಳುವುದು, "ರಿಹ್ಯಾಬ್‌ಗೆ (ಚಟ ಬಿಡಿಸುವ ಕೇಂದ್ರಕ್ಕೆ) ಮೆಡಿಕೇರ್ ದುಡ್ಡು ಕೊಡುತ್ತದಾ?" ಎಂದು. ಹೌದು, ಇಲ್ಲ ಎಂದು ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ಚಿಕಿತ್ಸೆ ಎಲ್ಲಿ ನಡೆಯುತ್ತದೆ, ಕೊಡುವ ಸಂಸ್ಥೆ ಯಾವ ಬಗೆಯದು, ಆಸ್ಪತ್ರೆಯ ದಾಖಲೆಯಲ್ಲಿ ರೋಗಿಯನ್ನು ಏನೆಂದು ಬರೆದುಕೊಂಡಿದ್ದಾರೆ ಎಂಬ ಮೂರರ ಮೇಲೆ ಉತ್ತರ ನಿಲ್ಲುತ್ತದೆ. ಹಾಗಾಗಿ ಎಲ್ಲಿಗಾದರೂ ಸೇರಿಸುವ ಮುಂಚೆಯೇ ಈ ಮೂರನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಅದಕ್ಕೂ ಮೊದಲು ಕಾರ್ಡು. ಕೆಂಪು, ಬಿಳಿ, ನೀಲಿ ಬಣ್ಣದ ಮೆಡಿಕೇರ್ ಕಾರ್ಡಿನಲ್ಲಿ ಪಾರ್ಟ್ ಎ (ಆಸ್ಪತ್ರೆ ವಿಮೆ) ಮತ್ತು ಪಾರ್ಟ್ ಬಿ (ಡಾಕ್ಟರು, ಹೊರರೋಗಿ ಸೇವೆಯ ವಿಮೆ) ಶುರುವಾದ ದಿನಾಂಕಗಳು ಬೇರೆಬೇರೆಯಾಗಿ ಇರುತ್ತವೆ. ನಮ್ಮವರ ಕೇಸುಗಳಲ್ಲಿ ಮೊದಲ ತೊಡಕು ಇಲ್ಲೇ. ಗ್ರೀನ್ ಕಾರ್ಡಿನ ಮೇಲೆ ಬಂದ ತಂದೆ ತಾಯಿ ಸತತ ಐದು ವರ್ಷ ಇಲ್ಲಿ ವಾಸವಿದ್ದ ಮೇಲೆ ಮೆಡಿಕೇರ್ ಕೊಂಡುಕೊಳ್ಳಬಹುದು. ಆದರೆ ಸ್ವಂತದ್ದೋ ಗಂಡ ಅಥವಾ ಹೆಂಡತಿಯದೋ 40 ಕ್ವಾರ್ಟರ್ (ಸುಮಾರು ಹತ್ತು ವರ್ಷ) ದುಡಿಮೆ ಇಲ್ಲಿ ಇಲ್ಲದಿದ್ದರೆ ಪಾರ್ಟ್ ಎ ಪುಕ್ಕಟೆ ಬರುವುದಿಲ್ಲ. ಮಗನ ದುಡಿಮೆ ಈ ಲೆಕ್ಕಕ್ಕೆ ಸೇರುವುದಿಲ್ಲ. 2026ರಲ್ಲಿ ಅದರ ಪೂರ್ತಿ ಪ್ರೀಮಿಯಂ ತಿಂಗಳಿಗೆ 565 ಡಾಲರ್. ಇದು ದುಬಾರಿ ಎಂದು ಎಷ್ಟೋ ಮನೆಗಳಲ್ಲಿ 202.90 ಡಾಲರಿನ ಪಾರ್ಟ್ ಬಿ ಮಾತ್ರ ತೆಗೆದುಕೊಂಡಿರುತ್ತಾರೆ. ಹಾಗಿದ್ದಲ್ಲಿ ಆಸ್ಪತ್ರೆಗೆ ಇನ್‌ಪೇಷಂಟ್ (ಒಳರೋಗಿ) ಆಗಿ ಸೇರಿಸಿ ಮಾಡುವ ಡಿಟಾಕ್ಸ್‌ನ (ಮೈಯಿಂದ ಕುಡಿತದ ಅಮಲು ಇಳಿಸುವ ಚಿಕಿತ್ಸೆಯ) ಆಸ್ಪತ್ರೆ ಬಿಲ್ಲಿನ ಬಹುಪಾಲನ್ನು ಮೆಡಿಕೇರ್ ಕೊಡುವುದಿಲ್ಲ; ವೈದ್ಯರ ಶುಲ್ಕ ಪಾರ್ಟ್ ಬಿ ಕೆಳಗೆ ಬರುತ್ತದೆ. ಎ ಮತ್ತು ಬಿ ಎರಡೂ ಇಲ್ಲದೆ ಮೆಡಿಗ್ಯಾಪ್ (ಮೆಡಿಕೇರ್ ಬಿಟ್ಟ ಪಾಲು ತುಂಬುವ ಖಾಸಗಿ ವಿಮೆ) ಪಾಲಿಸಿಯೂ ಸಿಗದು, ಅಡ್ವಾಂಟೇಜ್ (ಖಾಸಗಿ ಕಂಪನಿ ನಡೆಸುವ ಮೆಡಿಕೇರ್) ಪ್ಲಾನೂ ಸಿಗದು.

ಆಮೇಲೆ ಎಷ್ಟು ಕುಡಿಯುತ್ತಾರೆ ಎಂಬ ಲೆಕ್ಕ. ಇದನ್ನು ಸರಿಯಾಗಿ ಮಾಡದಿದ್ದರೆ ಮುಂದಿನ ಯಾವ ಅನುಮತಿಯೂ ಸರಿಯಾಗಿ ಸಿಗುವುದಿಲ್ಲ. "ದಿನಾ ಎರಡೇ ಪೆಗ್" ಎಂದು ಅಪ್ಪ ಹೇಳಿದ್ದನ್ನು ಡಾಕ್ಟರು ಎರಡು ಡ್ರಿಂಕ್ ಎಂದು ಬರೆದುಕೊಂಡುಬಿಡುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಆಲ್ಕೋಹಾಲ್, ಅಂದರೆ ಶೇ 40ರ ವಿಸ್ಕಿ 44 ಮಿ.ಲೀ. ನಮ್ಮ ಲಾರ್ಜ್ ಪೆಗ್ 60 ಮಿ.ಲೀ.; ಊರಿನ ಶೇ 42.8ರ ವಿಸ್ಕಿಯಾದರೆ ಅದೊಂದೇ ಸುಮಾರು ಒಂದೂವರೆ ಡ್ರಿಂಕ್. ಎರಡು ಪೆಗ್ ಮೂರಾಗುತ್ತದೆ, 180 ಮಿ.ಲೀ. ಕ್ವಾರ್ಟರ್ ನಾಲ್ಕು ದಾಟುತ್ತದೆ. ಇನ್ನು ಮನೆಯಲ್ಲಿ ಕೈಯಳತೆಯಲ್ಲಿ ಸುರಿದುಕೊಳ್ಳುವವರ ಪೆಗ್ಗಿಗೆ ಅಳತೆಯೇ ಇರುವುದಿಲ್ಲ. ಅದಕ್ಕೇ ಪೆಗ್ ಎಷ್ಟು ಎಂದು ಕೇಳದೆ, 750 ಮಿ.ಲೀ. ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಕೇಳುತ್ತೇನೆ. ಶೇ 40ರ ಒಂದು ಬಾಟಲಿಯಲ್ಲಿ ಸುಮಾರು 17 ಡ್ರಿಂಕ್ ಇರುತ್ತದೆ. ಮೂರು ದಿನಕ್ಕೆ ಮುಗಿದರೆ ದಿನಕ್ಕೆ ಆರರ ಹತ್ತಿರ. ಬೆಳಿಗ್ಗೆ ಕೈನಡುಕ ಇದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಜೊತೆಗೆ ಆತಂಕ ತಗ್ಗಿಸುವ ಆಲ್ಪ್ರಜೋಲಾಮ್‌ನಂಥ ಮಾತ್ರೆ ಊರಿಂದ ತರಿಸಿಕೊಂಡು ನುಂಗುತ್ತಾರೆಯೇ, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿಸುತ್ತೇನೆ.

ಈ ಮಾತುಕತೆಗೆ ಮಗನೋ ಸೊಸೆಯೋ ದುಭಾಷಿಯಾಗಬಾರದು. ಸೊಸೆಯ ಎದುರು ಮಾವ ತಮ್ಮ ಕುಡಿತದ ನಿಜ ಹೇಳುವುದು ಕಡಿಮೆ. ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಉಚಿತವಾಗಿ ಕೊಡಬೇಕು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡದ ದುಭಾಷಿ ಬೇಕೆಂದು ಹೇಳಿ ದಾಖಲು ಮಾಡಿಸಿ. ಇಲ್ಲವಾದರೆ ಅವತ್ತಿನ ದಿನ ಹಿಂದಿಯವರನ್ನು ಫೋನಿನಲ್ಲಿ ಹಿಡಿದುಕೊಡುತ್ತಾರೆ.

ಕುಡಿತ ಇನ್ನೂ ಚಟವಾಗಿ ಬೇರೂರಿಲ್ಲದವರಿಗೆ ಸುಲಭದ ದಾರಿಯಿದೆ. ವರ್ಷಕ್ಕೊಮ್ಮೆ ಕುಡಿತದ ತಪಾಸಣೆ, ಅದರಲ್ಲಿ ತೊಂದರೆ ಕಂಡರೆ ವರ್ಷಕ್ಕೆ ನಾಲ್ಕು ಮುಖಾಮುಖಿ ಸಮಾಲೋಚನೆ, ಕೈಯಿಂದ ಏನೂ ಕೊಡಬೇಕಿಲ್ಲ. ಇದು ಪ್ರೈಮರಿ ಕೇರ್ ಡಾಕ್ಟರ ಬಳಿಯೇ ನಡೆಯಬೇಕು. ಹೊಗೆಸೊಪ್ಪು, ಸಿಗರೇಟಿಗೆ ವರ್ಷಕ್ಕೆ ಎಂಟು ಸಮಾಲೋಚನೆಯವರೆಗೆ ಹೀಗೆಯೇ ಉಚಿತ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನಿಕೋಟಿನ್ ಪ್ಯಾಚು, ಗಮ್ಮಿಗೆ ಮಾತ್ರ ಪಾರ್ಟ್ ಡಿ (ಔಷಧಿಯ ವಿಮೆ) ಹಣ ಕೊಡುವುದಿಲ್ಲ.

ಕಷ್ಟ ಇರುವುದು ಡಿಟಾಕ್ಸ್‌ನಲ್ಲಿ. ದಿನವೂ ಹೆಚ್ಚು ಕುಡಿಯುವ ವಯಸ್ಸಾದವರನ್ನು ಮನೆಯಲ್ಲಿಟ್ಟುಕೊಂಡು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಕೊನೆಯ ಗುಟುಕಿನ ನಂತರ ಆರು ಗಂಟೆಯಿಂದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿಯಬಹುದು, ಅದರಿಂದ ಪ್ರಾಣವೂ ಹೋಗಬಹುದು. ಆಸ್ಪತ್ರೆಗೆ ಕರೆದೊಯ್ದ ಮೇಲೆ ನಾನು ಮನೆಯವರಿಗೆ ಹೇಳಿಕೊಡುವ ಪ್ರಶ್ನೆ ಒಂದೇ: "ಇವರನ್ನು ಇನ್‌ಪೇಷಂಟ್ ಎಂದು ಸೇರಿಸಿಕೊಂಡಿದ್ದೀರೋ, ಅಬ್ಸರ್ವೇಷನ್‌ನಲ್ಲಿ ಇಟ್ಟಿದ್ದೀರೋ?" ಹಾಸಿಗೆ ಅದೇ, ನರ್ಸ್ ಅವರೇ, ಕೈಗೆ ಚುಚ್ಚಿದ ಡ್ರಿಪ್ಪೂ ಅದೇ. ಆದರೆ ಅಬ್ಸರ್ವೇಷನ್ (ಸೇರಿಸಿಕೊಳ್ಳದೆ ಹೊರರೋಗಿಯಾಗಿ ನಿಗಾದಲ್ಲಿಡುವುದು) ಎಂದರೆ ಲೆಕ್ಕ ಪಾರ್ಟ್ ಬಿಗೆ ಹೋಗುತ್ತದೆ: 2026ರ 283 ಡಾಲರ್ ಡಿಡಕ್ಟಬಲ್ (ವಿಮೆ ಕೊಡಲು ಶುರುಮಾಡುವ ಮುಂಚೆ ಕೈಯಿಂದ ಕಟ್ಟುವ ಮೊತ್ತ), ಆಮೇಲೆ ಹೆಚ್ಚಿನ ಸೇವೆಗಳಿಗೆ ಶೇ 20 ಪಾಲು, ಅವರು ದಿನಾ ನುಂಗುವ ಬಿಪಿ, ಶುಗರ್ ಮಾತ್ರೆಗೂ ಬೇರೆ ಬಿಲ್ಲು ಬರಬಹುದು. ಇನ್‌ಪೇಷಂಟ್ ಆದರೆ ಪಾರ್ಟ್ ಎ: 1,736 ಡಾಲರ್ ಡಿಡಕ್ಟಬಲ್ ಕಟ್ಟಿದರೆ ಮೊದಲ 60 ದಿನದ ಆಸ್ಪತ್ರೆ ಖರ್ಚು ಅದರಲ್ಲೇ ಮುಗಿಯಿತು. ಆಮೇಲೆ ನಡೆದಾಡಲು ಶಕ್ತಿಯಿಲ್ಲದೆ ನರ್ಸಿಂಗ್ ಸೌಲಭ್ಯದ ಆರೈಕೆ ಬೇಕಾದರೆ ಮೂರು ದಿನ ಇನ್‌ಪೇಷಂಟ್ ಆಗಿರಬೇಕು. ಅಬ್ಸರ್ವೇಷನ್‌ನ ರಾತ್ರಿಗಳು ಒರಿಜಿನಲ್ (ಸರ್ಕಾರ ನೇರವಾಗಿ ನಡೆಸುವ, ಅಡ್ವಾಂಟೇಜ್ ಅಲ್ಲದ) ಮೆಡಿಕೇರ್‌ನಲ್ಲಿ ಆ ಎಣಿಕೆಗೆ ಸೇರುವುದಿಲ್ಲ.

ಇನ್‌ಪೇಷಂಟ್ ಮಾಡಲು ಡಾಕ್ಟರು ಎರಡು ಮಧ್ಯರಾತ್ರಿ ದಾಟುವಷ್ಟು ಕಾಲ ಆಸ್ಪತ್ರೆ ಆರೈಕೆ ಬೇಕು ಎಂದು ನಿರೀಕ್ಷಿಸಬೇಕು, ಅದಕ್ಕೆ ಕಾರಣವೂ ದಾಖಲೆಯಲ್ಲಿ ಇರಬೇಕು. ಮೇಲೆ ಹೇಳಿದ ಹಾಳೆ ಕೆಲಸಕ್ಕೆ ಬರುವುದು ಆಗ. ಹಿಂದಿನ ಫಿಟ್ಸ್, ಹೃದಯದ ಕಾಯಿಲೆ, ನಡುಕ ಬೆವರುಗಳನ್ನು ಅಳೆಯುವ ಸಿವಾ ಅಂಕ, ಇವು ಬರೆದಿದ್ದರೆ ಕೇಸು ಗಟ್ಟಿ. "ಕುಡಿತ ಬಿಡಿಸಲು ಮನೆಯವರು ಕರೆತಂದಿದ್ದಾರೆ" ಎಂದಷ್ಟೇ ಇದ್ದರೆ ಹಣ ನಿಲ್ಲುತ್ತದೆ. ಮೆಡಿಕೇರ್‌ನ ರಾಷ್ಟ್ರೀಯ ನಿಯಮ ಡಿಟಾಕ್ಸ್‌ಗೆ ಸಾಮಾನ್ಯವಾಗಿ ಎರಡು ಮೂರು ದಿನ, ಕೆಲವೊಮ್ಮೆ ಐದು ದಿನ ಸಾಕು ಎನ್ನುತ್ತದೆ. ಅದಕ್ಕೂ ಮೀರಿದರೆ ಏಕೆಂದು ಡಾಕ್ಟರು ಬರೆಯಬೇಕು. ಬಿಟ್ಟು ಮತ್ತೆ ಕುಡಿದು ಆಸ್ಪತ್ರೆಗೆ ಹೋಗುವುದು ಈ ಕಾಯಿಲೆಯಲ್ಲಿ ಮಾಮೂಲು, ಅದಕ್ಕೆ ನಾಚಿಕೆ ಪಡಬೇಕಿಲ್ಲ. ಡಿಸ್ಚಾರ್ಜ್ ಆಗಿ 60 ದಿನದೊಳಗೆ ಮತ್ತೆ ಸೇರಿದರೆ ಹೊಸ ಡಿಡಕ್ಟಬಲ್ ಇಲ್ಲ. ಮನೋವೈದ್ಯಕೀಯಕ್ಕೆಂದೇ ಇರುವ ಪ್ರತ್ಯೇಕ ಆಸ್ಪತ್ರೆಗೆ ಸೇರಿಸುವುದಾದರೆ ಮಾತ್ರ ಯೋಚಿಸಿ: ಅಲ್ಲಿ ಇಡೀ ಜೀವಮಾನಕ್ಕೆ 190 ದಿನದ ಮಿತಿ. ಸಾಮಾನ್ಯ ಆಸ್ಪತ್ರೆಯೊಳಗಿನ ವಾರ್ಡಿಗೆ ಈ ಮಿತಿ ಅನ್ವಯಿಸುವುದಿಲ್ಲ.

ನಡುಕ ನಿಲ್ಲುವ ಮೊದಲೇ ಮನೆಗೆ ಕಳಿಸುತ್ತಿದ್ದಾರೆ ಅನ್ನಿಸಿದರೆ, ಸೇರಿಸಿಕೊಂಡಾಗ ಸಹಿ ಹಾಕಿಸಿಕೊಂಡ ಮೆಡಿಕೇರ್ ನೋಟಿಸು ಹುಡುಕಿ. ಅದರಲ್ಲಿರುವ ಪರಿಶೀಲನಾ ಸಂಸ್ಥೆಯ ನಂಬರಿಗೆ ಡಿಸ್ಚಾರ್ಜಿನ ದಿನ ಮುಗಿಯುವುದರೊಳಗೆ, ಆಸ್ಪತ್ರೆ ಬಿಡುವ ಮುಂಚೆ ಫೋನ್ ಮಾಡಬೇಕು. ಅವರು ತೀರ್ಪು ಹೇಳಿದ ಮರುದಿನ ಮಧ್ಯಾಹ್ನದವರೆಗೆ ಆ ವಾಸದ ಹೆಚ್ಚುವರಿ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ.

ಇನ್ನು ರಿಹ್ಯಾಬ್. ಟಿವಿ ಜಾಹೀರಾತಿನಲ್ಲಿ ಕಾಣುವ, ತೋಟ, ಈಜುಕೊಳ ಇರುವ, 30 ದಿನ ಉಳಿಸಿಕೊಳ್ಳುವ ಕೇಂದ್ರಗಳು ಹೆಚ್ಚಾಗಿ ಆಸ್ಪತ್ರೆಗಳಲ್ಲ. ಅಂಥ ಸ್ವತಂತ್ರ ವಾಸದ ಕೇಂದ್ರ ಒರಿಜಿನಲ್ ಮೆಡಿಕೇರ್ ಹಣ ಕೊಡುವ ಸಂಸ್ಥೆಗಳ ಬಗೆಯಲ್ಲೇ ಬರುವುದಿಲ್ಲ. "ನಾವು ಮೆಡಿಕೇರ್ ತೆಗೆದುಕೊಳ್ಳುತ್ತೇವೆ" ಎಂದು ಫೋನಿನಲ್ಲಿ ಹೇಳಿದರೆ ಅದರ ಅರ್ಥ ಅಲ್ಲಿಗೆ ಬರುವ ಡಾಕ್ಟರ ಶುಲ್ಕ ಇರಬಹುದು, ಯಾವುದೋ ಅಡ್ವಾಂಟೇಜ್ ಪ್ಲಾನ್ ಇರಬಹುದು. ಹಾಸಿಗೆ, ಊಟದ ಖರ್ಚು ಮನೆಯವರ ತಲೆಗೆ ಬರುತ್ತದೆ. ನಾನು ಕೇಳಿಸುವ ಪ್ರಶ್ನೆ ಇದು: "ನೀವು ಮೆಡಿಕೇರ್‌ನಲ್ಲಿ ಯಾವ ಬಗೆಯ ಸಂಸ್ಥೆಯಾಗಿ ನೋಂದಣಿಯಾಗಿದ್ದೀರಿ? ರಾತ್ರಿ ಉಳಿಯುವ ಖರ್ಚಿನ ಬಿಲ್ಲು ಯಾವ ಪಾರ್ಟಿಗೆ ಹೋಗುತ್ತದೆ?" ಉತ್ತರವನ್ನು ಇಮೇಲಿನಲ್ಲಿ ಕೊಡಿ ಎನ್ನಿ. ಕೊಡಲು ಹಿಂಜರಿದರೆ ಅಲ್ಲಿಗೆ ಮುಂಗಡ ಕಟ್ಟಬೇಡಿ. ಮಾನಸಿಕ ಆರೋಗ್ಯ ಮತ್ತು ಚಟದ ಚಿಕಿತ್ಸೆಯನ್ನು ಉಳಿದ ಕಾಯಿಲೆಗಳಂತೆಯೇ ಕಾಣಬೇಕೆಂಬ 2008ರ ಸಮಾನತೆಯ ಕಾನೂನು ಮೆಡಿಕೇರ್‌ಗೆ ಅನ್ವಯವಾಗುವುದಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯವೆಂದೇ ಕಾಣುತ್ತದೆ.

ಇದರ ಬದಲು ನಾನು ಹೆಚ್ಚಾಗಿ ಹೊಂದಿಸುವುದು ಮನೆಯಲ್ಲೇ ಇದ್ದು ಹೋಗಿಬರುವ ಚಿಕಿತ್ಸೆ. 2024ರ ಜನವರಿಯಿಂದ ಪಾರ್ಟ್ ಬಿ ವಾರಕ್ಕೆ ಕನಿಷ್ಠ ಒಂಬತ್ತು ಗಂಟೆಯ ಇಂಟೆನ್ಸಿವ್ ಔಟ್‌ಪೇಷಂಟ್ ಕಾರ್ಯಕ್ರಮಕ್ಕೆ ಹಣ ಕೊಡುತ್ತಿದೆ. ಅದಕ್ಕಿಂತ ಬಿಗಿಯಾದ, ವಾರಕ್ಕೆ ಕನಿಷ್ಠ 20 ಗಂಟೆಯ ಪಾರ್ಶಿಯಲ್ ಹಾಸ್ಪಿಟಲೈಸೇಷನ್ ಮೊದಲಿಂದಲೂ ಇದೆ. ಆಸ್ಪತ್ರೆಯ ಹೊರರೋಗಿ ವಿಭಾಗ, ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ಇವು ನಡೆಯುತ್ತವೆ. ಇಷ್ಟು ಗಂಟೆ ಬೇಕೆಂದು ಡಾಕ್ಟರು ಪ್ರಮಾಣೀಕರಿಸಬೇಕು, ಕಾಲಕಾಲಕ್ಕೆ ನವೀಕರಿಸಬೇಕು. ನವೀಕರಣ ತಪ್ಪಿದ ವಾರದಿಂದ ಕ್ಲೇಮು ವಾಪಸ್ ಬರುತ್ತದೆ. ಅದೇ 2024ರಿಂದ ಲೈಸೆನ್ಸ್ ಇರುವ ಮಾನಸಿಕ ಆರೋಗ್ಯ ಕೌನ್ಸೆಲರ್‌ಗಳೂ ಮೆಡಿಕೇರ್‌ಗೆ ಬಿಲ್ಲು ಮಾಡಬಹುದು. ಹಿಮ ಬೀಳುವ ಊರಿನಲ್ಲಿ ಕಾರು ಓಡಿಸದ ಹಿರಿಯರಿಗೆ ಚಟದ ಸಮಾಲೋಚನೆಯನ್ನು ಮನೆಯಿಂದಲೇ ವಿಡಿಯೋದಲ್ಲಿ, ವಿಡಿಯೋ ಬಳಸಲು ಬಾರದಿದ್ದರೆ ಬರೀ ಫೋನಿನಲ್ಲಿ ಪಡೆಯಲು ಅವಕಾಶವಿದೆ. ಅಂದಹಾಗೆ, ಚಿಕಿತ್ಸಾ ಕೇಂದ್ರಕ್ಕೆ ಮಕ್ಕಳು ಫೋನ್ ಮಾಡಿದರೆ ಅಪ್ಪ ಅಲ್ಲಿಗೆ ಬರುತ್ತಾರೋ ಇಲ್ಲವೋ ಎಂಬುದನ್ನೂ ಹೇಳುವುದಿಲ್ಲ. ಮೊದಲ ದಿನವೇ ಅಪ್ಪ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದರೆ ಮಾತ್ರ ಮಾತಾಡುತ್ತಾರೆ.

ಔಷಧಿಯಲ್ಲಿ ಎರಡು ದಾರಿ. ಕುಡಿತದ ಹಂಬಲ ತಗ್ಗಿಸುವ, ನುಂಗುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಪಾರ್ಟ್ ಡಿಯಲ್ಲಿ; ನರ್ಸ್ ಕೊಡುವ ತಿಂಗಳಿಗೊಂದು 380 ಮಿ.ಗ್ರಾಂ. ನಾಲ್ಟ್ರೆಕ್ಸೋನ್ ಇಂಜೆಕ್ಷನ್ ಪಾರ್ಟ್ ಬಿಯಲ್ಲಿ. 2026ರಲ್ಲಿ ಪಾರ್ಟ್ ಡಿ ಔಷಧಿಗೆ ವರ್ಷಕ್ಕೆ ಕೈಯಿಂದ ಕೊಡುವುದು 2,100 ಡಾಲರಿಗೆ ನಿಲ್ಲುತ್ತದೆ. ವೈದ್ಯಕೀಯವಾಗಿ ಎರಡು ವಿಷಯ ಡಾಕ್ಟರಿಗೆ ನೆನಪಿಸಿ. ಮಂಡಿನೋವಿಗೆ ಟ್ರಮಡಾಲ್ (ಅಫೀಮಿನ ಬಗೆಯ ನೋವಿನ ಮಾತ್ರೆ) ತೆಗೆದುಕೊಳ್ಳುತ್ತಿರುವವರಿಗೆ ನಾಲ್ಟ್ರೆಕ್ಸೋನ್ ಕೊಟ್ಟರೆ ಥಟ್ಟನೆ ವಿತ್‌ಡ್ರಾವಲ್ ಶುರುವಾಗುತ್ತದೆ. ಟ್ರಮಡಾಲ್ ನಿಲ್ಲಿಸಿ ಏಳರಿಂದ ಹತ್ತು ದಿನ ಅಂತರ ಬೇಕು. ಅಕ್ಯಾಂಪ್ರೊಸೇಟ್ ಕಿಡ್ನಿಯಿಂದ ಹೊರಹೋಗುವ ಔಷಧಿ. ಶುಗರ್‌ನಿಂದ ಕಿಡ್ನಿ ಸೊರಗಿದವರಿಗೆ ರಕ್ತಪರೀಕ್ಷೆ ನೋಡಿ ಡೋಸು ಇಳಿಸಬೇಕು, ತೀರಾ ಕೆಟ್ಟಿದ್ದರೆ ಕೊಡಲೇಬಾರದು. ಕುಡಿಯುವವರಿಗೆ ಬೇಕಾದ ಥಯಾಮಿನ್ (ಬಿ1), ವಿಟಮಿನ್ ಎಂಬ ಕಾರಣಕ್ಕೆ ಪಾರ್ಟ್ ಡಿಯಲ್ಲಿಲ್ಲ. ಬೆಲೆ ಕಡಿಮೆ, ಅಂಗಡಿಯಲ್ಲೇ ಕೊಳ್ಳಿ, ತಪ್ಪಿಸಬೇಡಿ.

ಶಸ್ತ್ರಚಿಕಿತ್ಸೆಯ ನಂತರದ ನೋವಿನ ಮಾತ್ರೆಯೇ ಚಟವಾದವರಿಗೆ 2020ರ ಜನವರಿಯಿಂದ ಒಪಿಯಾಯ್ಡ್ (ಅಫೀಮಿನ ಬಗೆಯ ಔಷಧಿಗಳ ಚಟದ) ಚಿಕಿತ್ಸಾ ಕೇಂದ್ರಗಳು ಪಾರ್ಟ್ ಬಿಯೊಳಗೆ ಬಂದಿವೆ. ಡಿಡಕ್ಟಬಲ್ ಮುಗಿದ ಮೇಲೆ ಒರಿಜಿನಲ್ ಮೆಡಿಕೇರ್‌ನಲ್ಲಿ ಕೋಪೇ (ರೋಗಿ ಕೊಡಬೇಕಾದ ಪಾಲು) ಇಲ್ಲ. ಈ ಚಟ ಬಿಡಿಸುವ ಮೆಥಡೋನ್ ಔಷಧಿ ಸಿಗುವುದು ಈ ಕೇಂದ್ರದಲ್ಲಿ ಮಾತ್ರ. ಮಾಮೂಲಿ ಫಾರ್ಮಸಿಗೆ ಚೀಟಿ ಹಿಡಿದು ಹೋದರೆ ವಾಪಸ್ ಕಳಿಸುತ್ತಾರೆ. ಇದೇ ಚಟಕ್ಕೆ ಕೊಡುವ ಬ್ಯುಪ್ರೆನಾರ್ಫಿನ್ ಆದರೆ ನಿಮ್ಮ ಡಾಕ್ಟರೇ ಬರೆದುಕೊಡಬಹುದು. ಅದಕ್ಕೆ ಬೇಕಿದ್ದ ವಿಶೇಷ ಪರವಾನಗಿ 2023ರ ಆರಂಭದಿಂದ ರದ್ದಾಗಿದೆ.

ಅಡ್ವಾಂಟೇಜ್ ಪ್ಲಾನ್ ಇರುವವರು ಎಲ್ಲಕ್ಕೂ ಮುಂಚೆ ನೆಟ್‌ವರ್ಕ್ (ಪ್ಲಾನಿನ ಪಟ್ಟಿಯಲ್ಲಿರುವ ಡಾಕ್ಟರು, ಆಸ್ಪತ್ರೆ) ಮತ್ತು ಪೂರ್ವಾನುಮತಿ ವಿಚಾರಿಸಬೇಕು. ನಿರಾಕರಣೆಯ ಪತ್ರ ಬಂದರೆ ಅದರ ಮೇಲಿನ ದಿನಾಂಕದಿಂದ 65 ದಿನದೊಳಗೆ ಮೇಲ್ಮನವಿ; ಒರಿಜಿನಲ್ ಮೆಡಿಕೇರ್‌ನಲ್ಲಿ ಮೊದಲ ಮೇಲ್ಮನವಿಗೆ 120 ದಿನ ಇದೆ. ಪ್ರಾಣಕ್ಕೆ ಅಪಾಯವಿರುವಾಗ "ತ್ವರಿತ ನಿರ್ಧಾರ ಬೇಕು" ಎಂದು ಡಾಕ್ಟರಿಂದಲೇ ಹೇಳಿಸಿ.

ಚಳಿಗಾಲಕ್ಕೆ ಊರಿಗೆ ಹೋಗುವವರು ಹೊರಡುವ ಮೊದಲು ಗಮನಿಸಬೇಕಾದದ್ದು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಳ್ಳೆಯ ವ್ಯಸನ ಚಿಕಿತ್ಸಾ ವಿಭಾಗವಿದೆ, ಆದರೆ ಅಲ್ಲಿಯ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ, ಅಲ್ಲಿಂದ ಇಲ್ಲಿಯ ಕೌನ್ಸೆಲರ್ ಜೊತೆ ಮಾಡುವ ವಿಡಿಯೋ ಭೇಟಿಗೂ ಹಣ ಸಿಗದು. ಹಾಗೆಂದು ಆ ತಿಂಗಳುಗಳಿಗೆ ಪಾರ್ಟ್ ಬಿ ನಿಲ್ಲಿಸಲು ಹೋಗಬೇಡಿ. ಮತ್ತೆ ಸೇರುವಾಗ ತಪ್ಪಿಸಿದ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಶೇ 10 ಏರುತ್ತದೆ, ಆ ಏರಿಕೆ ಪಾರ್ಟ್ ಬಿ ಇರುವಷ್ಟು ಕಾಲವೂ ಇರುತ್ತದೆ. ಯಾವುದಾದರೂ ಅಂಶದಲ್ಲಿ ಅನುಮಾನವಿದ್ದರೆ ನಿಮ್ಮ ರಾಜ್ಯದ ಶಿಪ್ (ಮೆಡಿಕೇರ್ ಬಗ್ಗೆ ಸರ್ಕಾರಿ ನೆರವಿನ ಸಲಹಾ) ಕೇಂದ್ರದ ಸಲಹೆಗಾರರು ಉಚಿತವಾಗಿ ನೋಡಿಕೊಡುತ್ತಾರೆ. ಮೆಡಿಕೇರ್‌ನ 1-800-633-4227ಕ್ಕೆ ಫೋನ್ ಮಾಡುವಾಗ ಕಾರ್ಡು ಕೈಯಲ್ಲಿರಲಿ, ಅಪ್ಪನೋ ಅಮ್ಮನೋ ಪಕ್ಕದಲ್ಲೇ ಇರಲಿ. ಅವರು ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ನಿಮ್ಮ ಜೊತೆ ಮಾತಾಡುತ್ತಾರೆ.