ಬಸಿದ ಪಾಸ್ಟಾ ಒಣಗದಂತೆ ನಾನು ನೋಡಿಕೊಳ್ಳುವ ಬಗೆ

ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಊಟಕ್ಕೆ ಕೂರುವುದು ಅಪರೂಪ. ಹೀಗಾಗಿ ನಾನು ಮಾಡಿದ ಪಾಸ್ಟಾ ಮೊದಲು ಕುಳಿತವರಿಗೆ ಹದವಾಗಿದ್ದರೂ, ಅರ್ಧ ಗಂಟೆ ತಡವಾಗಿ ಬಂದವರ ತಟ್ಟೆಗೆ ಬೀಳುವಷ್ಟರಲ್ಲಿ ಸಾಸೆಲ್ಲ ಇಂಗಿ, ಒಂದಕ್ಕೊಂದು ಅಂಟಿ ಸಪ್ಪೆಯಾಗಿರುತ್ತಿತ್ತು. ಗಾಳಿಯಾಡಿ ಒಣಗುತ್ತಿದೆಯೆಂದು ತಿಳಿದು ಬಹಳ ಕಾಲ ಬಿಗಿಯಾಗಿ ಮುಚ್ಚಳ ಮುಚ್ಚಿಡುತ್ತಿದ್ದೆ, ಪ್ರಯೋಜನ ಕಾಣಲಿಲ್ಲ. ತೇವ ಹೊರಗೆ ಹೋಗುವುದಕ್ಕಿಂತ ಹೆಚ್ಚಾಗಿ ಪಾಸ್ಟಾದ ಒಳಕ್ಕೇ ಹೋಗುತ್ತದೆ, ಒಲೆಯಿಂದ ಇಳಿಸಿದ ಮೇಲೂ ಅದರಲ್ಲಿರುವ ಪಿಷ್ಟ ಸಾಸಿನ ನೀರನ್ನು ಹೀರುತ್ತಲೇ ಇರುತ್ತದೆ ಎಂಬುದು ತಿಳಿದ ಮೇಲೆ ನನ್ನ ಅಡುಗೆಯ ಕ್ರಮವೇ ಬದಲಾಯಿತು.

ಮೊದಲ ಬದಲಾವಣೆ ನೀರಿನಲ್ಲಿ. 100 ಗ್ರಾಂ ಪಾಸ್ಟಾಗೆ 1 ಲೀಟರ್ ನೀರು, ಅದಕ್ಕೆ ಸುಮಾರು 10 ಗ್ರಾಂ ಉಪ್ಪು ಎಂಬುದು ವಾಡಿಕೆಯ ಅಳತೆ. ನಾನು ಪಾಸ್ಟಾ ಮುಳುಗಿ ಆರಾಮವಾಗಿ ತಿರುಗುವಷ್ಟು, ಅಂದರೆ 300 ಗ್ರಾಂಗೆ 2 ಲೀಟರಿನಷ್ಟು ಮಾತ್ರ ನೀರಿಡುತ್ತೇನೆ. ಆಗ ಪಿಷ್ಟ ಆ ನೀರಿನಲ್ಲಿ ಹೆಚ್ಚು ಗಾಢವಾಗಿ ಸೇರುತ್ತದೆ. ಅಂಟಿಕೊಳ್ಳದಂತೆ ಮೊದಲ ಎರಡು ನಿಮಿಷ ಕೈಬಿಡದೆ ಕದಡಿದರೆ ಸಾಕು. ಕುದಿಯುವ ನೀರಿಗೆ ಎಣ್ಣೆ ಹಾಕುವ ಅಭ್ಯಾಸವನ್ನು ಬಿಟ್ಟಿದ್ದೇನೆ. ಅದು ನೀರಿನ ಮೇಲೆ ತೇಲಿ, ಬಸಿಯುವಾಗ ಪಾಸ್ಟಾಕ್ಕೆ ಮೆತ್ತಿಕೊಂಡು ಸಾಸ್ ಹಿಡಿಯದಂತೆ ಮಾಡುತ್ತದೆ. ತಣ್ಣೀರಿನಲ್ಲಿ ತೊಳೆಯುವುದೂ ಬಿಸಿ ಪಾಸ್ಟಾದ ಮಟ್ಟಿಗೆ ತಪ್ಪೇ, ಏಕೆಂದರೆ ನಮಗೆ ಬೇಕಾದ ಪಿಷ್ಟವೇ ಅದರೊಂದಿಗೆ ಕೊಚ್ಚಿಹೋಗುತ್ತದೆ.

ಪೊಟ್ಟಣದ ಮೇಲೆ ಬರೆದ ಸಮಯಕ್ಕೆ ಎರಡು ನಿಮಿಷ ಮೊದಲೇ ಒಂದು ತುಂಡನ್ನು ಕಚ್ಚಿ ನೋಡುತ್ತೇನೆ. ನಡುವೆ ಸಣ್ಣ ಬಿಳಿ ಚುಕ್ಕೆ ಇನ್ನೂ ಉಳಿದಿದ್ದರೆ ಅದೇ ತೆಗೆಯುವ ಹೊತ್ತು. ಬಸಿಯುವ ಮೊದಲು ದೊಡ್ಡ ಲೋಟದ ತುಂಬ ಆ ಕದಡಿದ ನೀರನ್ನು ಎತ್ತಿಟ್ಟುಕೊಳ್ಳುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಉಳಿದ ಬೇಯುವಿಕೆಯೆಲ್ಲ ಬಾಣಲೆಯಲ್ಲಿ, ಸಾಸಿನೊಳಗೇ ನಡೆಯಬೇಕು. ಪಾಸ್ಟಾ ಕೊನೆಯದಾಗಿ ಹೀರುವುದು ಬರೀ ನೀರನ್ನಲ್ಲ, ಸಾಸನ್ನು ಎಂದಾಗ ರುಚಿ ಒಳಗಿನವರೆಗೂ ಇಳಿಯುತ್ತದೆ. ಎತ್ತಿಟ್ಟ ನೀರನ್ನು ಅರ್ಧರ್ಧ ಸೌಟಿನಂತೆ ಸೇರಿಸುತ್ತಾ ಜೋರಾಗಿ ತಿರುವಿದರೆ, ಅದರಲ್ಲಿರುವ ಪಿಷ್ಟವು ಎಣ್ಣೆಯನ್ನೂ ನೀರನ್ನೂ ಬೇರಾಗಲು ಬಿಡದೆ ಹಿಡಿದಿಟ್ಟು, ಮಂದವಾದ, ಹೊಳಪುಳ್ಳ ಸಾಸನ್ನು ಮಾಡುತ್ತದೆ. ಆ ನೀರಿನಲ್ಲಿ ಉಪ್ಪಿರುವುದರಿಂದ ಸಾಸಿಗೆ ಉಪ್ಪನ್ನು ಕೊನೆಯಲ್ಲಷ್ಟೇ ರುಚಿ ನೋಡಿ ಹಾಕುತ್ತೇನೆ. ಚೀಸ್ ಬೆರೆಸುವುದಿದ್ದರೆ ಉರಿ ಆರಿಸಿದ ಮೇಲೆಯೇ. ಹೆಚ್ಚು ಕಾವಿನಲ್ಲಿ ಅದು ಗಂಟುಗಂಟಾಗುತ್ತದೆ.

ಎಷ್ಟು ತೆಳು ಇರಬೇಕು ಎಂಬುದನ್ನು ಕಲಿಯಲು ನನಗೆ ಹೆಚ್ಚು ಸಮಯ ಹಿಡಿಯಿತು. ಬಾಣಲೆಯ ತಳದಲ್ಲಿ ಸೌಟು ಎಳೆದಾಗ ಮೂಡುವ ದಾರಿ ತಕ್ಷಣ ಮುಚ್ಚಿಕೊಳ್ಳಬೇಕು, ಬಾಣಲೆಯನ್ನು ಓರೆ ಮಾಡಿದರೆ ಸ್ವಲ್ಪ ಸಾಸ್ ಒಂದು ಬದಿಗೆ ಹರಿದು ನಿಲ್ಲಬೇಕು. ನೋಡಿದರೆ ನೀರಾಯಿತೇನೋ ಎನ್ನಿಸುತ್ತದೆ, ಆದರೆ ಬಡಿಸಿ ತುತ್ತು ಎತ್ತುವಷ್ಟರಲ್ಲಿ ಅದು ಸರಿಯಾದ ಹದಕ್ಕೆ ಬಂದಿರುತ್ತದೆ. ತಡವಾಗಿ ಬರುವವರಿದ್ದರೆ ಇನ್ನೂ ಅರ್ಧ ಸೌಟು ಹೆಚ್ಚು ಹಾಕಿ, ಮುಚ್ಚಿಡುತ್ತೇನೆ.

ಮರುದಿನಕ್ಕೆಂದೇ ಬೇಯಿಸುವಾಗ ಮಾತ್ರ ಕ್ರಮ ಬೇರೆ. ಎರಡು ನಿಮಿಷ ಮೊದಲೇ ಬಸಿದು, ಒಂದು ಚಮಚ ಎಣ್ಣೆ ಸವರಿ, ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್‌ಗೆ ಸೇರಿಸುತ್ತೇನೆ. ಸಾಸ್ ಬೇರೆ ಡಬ್ಬಿಯಲ್ಲಿರುತ್ತದೆ. ತಣ್ಣಗಾದ ಪಿಷ್ಟ ಬಿರುಸಾಗುವುದು ಸಹಜ, ಅದನ್ನು ಮತ್ತೆ ಮೆತ್ತಗಾಗಿಸಲು ಕಾವು ಮತ್ತು ನೀರು ಎರಡೂ ಬೇಕು. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಬಿಸಿ ಸಾಸಿಗೆ ಹಾಕುತ್ತೇನೆ. ಸಾಸ್ ಬೆರೆಸಿಯೇ ಉಳಿದಿದ್ದರೆ ಎರಡು ಮೂರು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಇಳಿಸುವಾಗ ಸ್ವಲ್ಪ ಬೆಣ್ಣೆ ಮತ್ತು ಆಗಷ್ಟೇ ಪುಡಿ ಮಾಡಿದ ಕಾಳುಮೆಣಸು ಹಾಕುತ್ತೇನೆ. ಮೂರು ದಿನಕ್ಕಿಂತ ಹೆಚ್ಚು ಇಡುವುದಿಲ್ಲ.